ಹಳೇ ಪೆಟ್ರೋಲ್ ಕಾರಿನ ಆಕ್ಸಿಜನ್ ಸೆನ್ಸರ್: ಮನೆಯಲ್ಲೇ ಪರೀಕ್ಷಿಸಿ ಬದಲಾಯಿಸುವುದು ಹೇಗೆ

ಕಾರಿಗೆ ಹತ್ತು ಹದಿನೈದು ವರ್ಷ ಆಗಿದೆ. ಮೈಲೇಜ್ ನಿಧಾನಕ್ಕೆ ಇಳಿಯುತ್ತಾ ಬಂದಿದೆ. ಸೈಲೆನ್ಸರ್ ಹತ್ತಿರ ನಿಂತರೆ ಪೆಟ್ರೋಲ್ ವಾಸನೆ. ಐಡ್ಲಿಂಗ್‌ನಲ್ಲಿ ಎಂಜಿನ್ ತೂಗಾಡುತ್ತದೆ. ಎಮಿಷನ್ ಟೆಸ್ಟ್‌ಗೆ ಹೋದರೆ ಸಿಒ (ಕಾರ್ಬನ್ ಮೊನಾಕ್ಸೈಡ್) ಜಾಸ್ತಿ ಅಂತ ವಾಪಸ್ ಕಳಿಸುತ್ತಾರೆ. ಇಷ್ಟು ಹೇಳಿದರೆ ಸಾಕು, ಯಾರಾದರೊಬ್ಬರು "ಆಕ್ಸಿಜನ್ ಸೆನ್ಸರ್ ಹೋಗಿದೆ ಸಾರ್, ಚೇಂಜ್ ಮಾಡಿಬಿಡಿ" ಅಂದೇ ಅನ್ನುತ್ತಾರೆ.

ಹೋಗಿರಬಹುದು, ಹೋಗದೆಯೂ ಇರಬಹುದು. ಸ್ಪ್ಯಾನರ್ ಹಿಡಿದು ಮಾಡುವ ಕೆಲಸ ಅರ್ಧ ಗಂಟೆಯದು. ನಿಜವಾದ ಕೆಲಸ ಅದಕ್ಕೂ ಮೊದಲು ಇರುವುದು, ಸೆನ್ಸರೇ ಸತ್ತಿದೆಯಾ ಅಂತ ಖಾತ್ರಿ ಮಾಡಿಕೊಳ್ಳುವುದು. ಅದನ್ನು ಬಿಟ್ಟು ಸುಮ್ನೆ ಹೊಸ ಸೆನ್ಸರ್ ತಂದು ಹಾಕಿದರೆ ದುಡ್ಡು ಹೋಗುತ್ತದೆ, ತೊಂದರೆ ಅಲ್ಲೇ ಇರುತ್ತದೆ.

ಇಲ್ಲಿ ಹೇಳುತ್ತಿರುವುದು ನಮ್ಮ ರಸ್ತೆಗಳಲ್ಲಿ ಈಗಲೂ ಓಡುತ್ತಿರುವ ಹಳೇ ಎಂಪಿಎಫ್‌ಐ ಪೆಟ್ರೋಲ್ ಕಾರುಗಳ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವವು) ಬಗ್ಗೆ. ಆಲ್ಟೊ, ವ್ಯಾಗನ್‌ಆರ್, ಸ್ಯಾಂಟ್ರೊ, ಹಳೇ ಸ್ವಿಫ್ಟ್, ಐ10 ಈ ಥರದವು. ಕಾರ್ಬ್ಯುರೇಟರ್ ಕಾಲದ ಮಾರುತಿ 800 ನಿಮ್ಮದಾದರೆ ಅದರಲ್ಲಿ ಈ ಸೆನ್ಸರ್ ಇಲ್ಲ.

ಇದು ಮಾಡುವ ಕೆಲಸ ಏನು?

ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಈ ಲೆಕ್ಕ ತಪ್ಪದಂತೆ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಇಂಜೆಕ್ಟರ್‌ಗಳನ್ನು ಓಡಿಸುತ್ತದೆ. ಲೆಕ್ಕ ಸರಿಯಾಯಿತಾ ಇಲ್ಲವಾ ಅಂತ ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ ಹೇಳುವುದು ಆಕ್ಸಿಜನ್ ಸೆನ್ಸರ್. ಬಾಶ್ ಕಂಪನಿ ಇದನ್ನು ಮೊದಲು ಮಾರುಕಟ್ಟೆಗೆ ತಂದದ್ದು 1976ರಲ್ಲಿ, ವೋಲ್ವೊ 240 ಸರಣಿಯ ಕಾರುಗಳಲ್ಲಿ. ಲ್ಯಾಂಬ್ಡಾ ಸೆನ್ಸರ್ ಅಂದರೂ ಇದೇ.

ಒಳಗೆ ಜಿರ್ಕೋನಿಯಾ ಅನ್ನುವ ಪಿಂಗಾಣಿಯ ಪುಟ್ಟ ಕೊಳವೆ ಇದೆ. ಅದರ ಹೊರಮೈಗೆ ಹೊಗೆ ತಾಗುತ್ತದೆ, ಒಳಮೈಗೆ ಹೊರಗಿನ ಶುದ್ಧ ಗಾಳಿ. ಎರಡೂ ಕಡೆಯ ಆಮ್ಲಜನಕದಲ್ಲಿ ವ್ಯತ್ಯಾಸ ಇದ್ದಷ್ಟೂ ವೋಲ್ಟೇಜ್ ಹುಟ್ಟುತ್ತದೆ. ಪೆಟ್ರೋಲ್ ಜಾಸ್ತಿಯಾದರೆ (ಅಂದರೆ ರಿಚ್) 0.8ರಿಂದ 0.9 ವೋಲ್ಟ್. ಗಾಳಿ ಜಾಸ್ತಿಯಾದರೆ (ಲೀನ್) 0.1 ವೋಲ್ಟ್ ಆಸುಪಾಸು. ಮಧ್ಯದ ಗೆರೆ 0.45. ಚೆನ್ನಾಗಿರುವ ಸೆನ್ಸರ್ ಈ ಗೆರೆಯ ಮೇಲೆ ಕೆಳಗೆ ಸದಾ ಓಡಾಡುತ್ತಿರುತ್ತದೆ. ಒಂದೇ ಕಡೆ ನಿಂತರೆ ಅನುಮಾನ ಪಡಿ.

ಇನ್ನೊಂದು ವಿಷಯ ಗೊತ್ತಿರಲಿ. ಸುಮಾರು 300 ಡಿಗ್ರಿ ಬಿಸಿಯಾಗದೆ ಇದು ಕೆಲಸ ಮಾಡುವುದಿಲ್ಲ. ಅದಕ್ಕೇ ಒಳಗೊಂದು ಹೀಟರ್ ಇಟ್ಟಿರುತ್ತಾರೆ. ಒಂದು ಅಥವಾ ಎರಡು ವೈರ್ ಇದ್ದರೆ ಹೀಟರ್ ಇಲ್ಲದ್ದು, ಮೂರು ನಾಲ್ಕು ವೈರ್ ಇದ್ದರೆ ಹೀಟರ್ ಇರುವಂಥದ್ದು. ಹೀಟರ್ ಇಲ್ಲದ ಸೆನ್ಸರ್ ಐವತ್ತರಿಂದ ಎಂಬತ್ತು ಸಾವಿರ ಕಿಲೋಮೀಟರ್ ಬಾಳಿಕೆ ಬಂದರೆ ಸಾಕು. ಹೀಟರ್ ಇರುವುದು ಲಕ್ಷದಿಂದ ಒಂದೂವರೆ ಲಕ್ಷ ಕಿಲೋಮೀಟರ್ ಬರುತ್ತದೆ, ಎಂಜಿನ್ ಆಯಿಲ್ ಕುಡಿಯದಿದ್ದರೆ.

ಎಷ್ಟಿವೆ, ಎಲ್ಲಿವೆ?

ಬಿಎಸ್2, ಬಿಎಸ್3 (ಭಾರತ್ ಸ್ಟೇಜ್, ಅಂದರೆ ಹೊಗೆ ನಿಯಮದ ಹಂತ) ಕಾಲದ ಗಾಡಿಗಳಲ್ಲಿ ಸಾಮಾನ್ಯವಾಗಿ ಒಂದೇ ಸೆನ್ಸರ್. ಎಗ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್‌ನಿಂದ ಹೊಗೆ ಹೊರಬರುವ ಮೊದಲ ಕೊಳವೆ) ಮೇಲೋ, ಅದರ ಕೆಳಗಿನ ಪೈಪಿನಲ್ಲೋ ಇರುತ್ತದೆ. ಬಿಎಸ್4 ಕಾರುಗಳಿಗೆ 2013ರ ಏಪ್ರಿಲ್‌ನಿಂದ ಒಬಿಡಿ-2 (ತೊಂದರೆಯನ್ನು ಗಾಡಿಯೇ ಪತ್ತೆಹಚ್ಚಿ ಕೋಡ್ ದಾಖಲಿಸುವ ವ್ಯವಸ್ಥೆ) ಕಡ್ಡಾಯವಾಯಿತು. ಆಮೇಲೆ ಬಂದ ಗಾಡಿಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ತಗ್ಗಿಸುವ ಡಬ್ಬಿ) ಹಿಂದೆ ಒಂದು, ಮುಂದೆ ಒಂದು ಹೀಗೆ ಎರಡಿರುತ್ತವೆ. ಎಂಜಿನ್ ಕಡೆಯದು ಮೊದಲನೇ ಸೆನ್ಸರ್, ಪೆಟ್ರೋಲ್ ಲೆಕ್ಕ ನೋಡಿಕೊಳ್ಳುವುದು ಅದೇ. ಎರಡನೆಯದು ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ಕಾವಲು ಕಾಯುವುದಕ್ಕೆ. ಮೈಲೇಜ್ ಬಿದ್ದಿದೆ ಅಂತ ಎರಡನೆಯದನ್ನು ಬದಲಾಯಿಸಿ ಪ್ರಯೋಜನವಿಲ್ಲ.

ಬಾನೆಟ್ ಎತ್ತಿ ಮ್ಯಾನಿಫೋಲ್ಡ್ ಹುಡುಕಿ. ಮೇಲೆ ತಗಡಿನ ಹೀಟ್ ಶೀಲ್ಡ್ ಇರುತ್ತದೆ. ಅದರ ಹತ್ತಿರ ಸ್ಪಾರ್ಕ್ ಪ್ಲಗ್ ಥರ ಕಾಣುವ, ಬಾಲದಲ್ಲಿ ವೈರ್ ಇರುವ ವಸ್ತುವೇ ಸೆನ್ಸರ್.

ಸೆನ್ಸರೇ ಹೋಗಿದೆಯಾ? ಮೊದಲು ಇದನ್ನು ನೋಡಿ

ಸ್ಕ್ಯಾನರ್ (ಇಸಿಯು ದಾಖಲಿಸಿದ ತೊಂದರೆ ಕೋಡ್ ತೋರಿಸುವ ಉಪಕರಣ) ಇದ್ದರೆ ಕೋಡ್ ಓದಿ. ಮೊದಲನೇ ಸೆನ್ಸರಿಗೆ ಪಿ0130ರಿಂದ ಪಿ0135ರವರೆಗೆ, ಎರಡನೆಯದಕ್ಕೆ ಪಿ0136ರಿಂದ ಪಿ0141ರವರೆಗೆ ಬರುತ್ತವೆ. ಪಿ0133 ಅಂದರೆ ಸೆನ್ಸರ್ ನಿಧಾನವಾಗಿದೆ. ಪಿ0135 ಮತ್ತು ಪಿ0141 ಹೀಟರ್ ಸರ್ಕ್ಯೂಟ್‌ನವು. ಬ್ಲೂಟೂತ್‌ನ ಅಗ್ಗದ ಸ್ಕ್ಯಾನರ್‌ಗಳು 2010ಕ್ಕಿಂತ ಹಳೇ ಗಾಡಿಗಳ ಜೊತೆ ಎಷ್ಟೋ ಸಲ ಮಾತೇ ಆಡುವುದಿಲ್ಲ. ಸಾಕೆಟ್ ನೋಡಲು ಒಂದೇ ಥರ ಇದ್ದರೂ ಒಳಗಿನ ಭಾಷೆ ಬೇರೆ. ಆಗ ಮಲ್ಟಿಮೀಟರೇ ಗತಿ. ನನ್ನನ್ನು ಕೇಳಿದರೆ ಸ್ಕ್ಯಾನರ್ ಇದ್ದರೂ ಮಲ್ಟಿಮೀಟರ್ ತೆಗೆಯಿರಿ.

ಕೆಲವು ಕೋಡ್‌ಗಳು ದಾರಿ ತಪ್ಪಿಸುತ್ತವೆ. ಪಿ0171 (ಲೀನ್) ಬಂದರೆ ಎಲ್ಲೋ ಗಾಳಿ ನುಗ್ಗುತ್ತಿದೆ ಅಥವಾ ಪೆಟ್ರೋಲ್ ಪ್ರೆಷರ್ ಕಡಿಮೆಯಾಗಿದೆ. ಪಿ0172 (ರಿಚ್) ಬಂದರೆ ಇಂಜೆಕ್ಟರ್ ಸೋರುತ್ತಿರಬಹುದು, ಏರ್ ಫಿಲ್ಟರ್ ಮಣ್ಣು ತುಂಬಿ ಕೂತಿರಬಹುದು. ಸೆನ್ಸರ್ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದೆ ಅಷ್ಟೆ. ಪಿ0420 ಬಂದರೆ ಕೈ ಮಾಡಬೇಕಾದದ್ದು ಕನ್ವರ್ಟರ್ ಕಡೆಗೆ.

ಮೂರು ಸುಲಭದ ಜಾಗಗಳನ್ನು ಮೊದಲು ನೋಡಿಬಿಡಿ.

ಒಂದು, ವೈರ್. ಮನೆ ಹೊರಗೆ ನಿಲ್ಲುವ ಗಾಡಿಗಳಿಗೆ ಇಲಿ ಕಾಟ ಎಷ್ಟು ಅಂತ ಹೇಳಬೇಕಿಲ್ಲ, ಅಲ್ವಾ? ಸೆನ್ಸರಿನಿಂದ ಕಪ್ಲರ್‌ವರೆಗೆ (ವೈರ್ ಸೇರಿಸುವ ಪ್ಲಗ್), ಕಪ್ಲರ್‌ನಿಂದ ಮುಂದಕ್ಕೆ ಬೆರಳಾಡಿಸುತ್ತಾ ಹೋಗಿ. ಕಡಿದಿದೆಯಾ, ಮ್ಯಾನಿಫೋಲ್ಡಿಗೆ ತಾಗಿ ಕರಗಿದೆಯಾ, ಪಿನ್ನಿಗೆ ಹಸಿರು ಕಿಲುಬು ಹಿಡಿದಿದೆಯಾ ನೋಡಿ. ಎಲ್‌ಪಿಜಿ ಅಥವಾ ಸಿಎನ್‌ಜಿ ಕಿಟ್ ಹಾಕಿಸಿದ್ದರೆ ಇನ್ನೂ ಹುಷಾರು. ಕಿಟ್ ಹಾಕುವವರು ಎಷ್ಟೋ ಗಾಡಿಗಳಲ್ಲಿ ಸೆನ್ಸರಿನ ಸಿಗ್ನಲ್ ವೈರಿಗೇ ಜಾಯಿಂಟ್ ಕೊಟ್ಟು ಟೇಪ್ ಸುತ್ತಿರುತ್ತಾರೆ. ಆ ಟೇಪ್ ಒಳಗೇ ರೋಗ ಇರುವುದು ಅಪರೂಪವಲ್ಲ.

ಎರಡು, ಫ್ಯೂಸ್. ಹೀಟರಿಗೆ 12 ವೋಲ್ಟ್ ಬರುವುದು ಫ್ಯೂಸ್ ಮೂಲಕ. ಹೀಟರ್ ಕೋಡ್ ಬಂದಾಗ ಮೊದಲು ಹತ್ತು ರೂಪಾಯಿಯ ಫ್ಯೂಸ್ ನೋಡಿ, ಆಮೇಲೆ ಸಾವಿರಾರು ರೂಪಾಯಿಯ ಸೆನ್ಸರ್.

ಮೂರು, ಎಗ್ಸಾಸ್ಟ್ ಲೀಕ್. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಹೋಗಿದ್ದರೆ ಹೊಗೆ ಹೊರಬರುವುದಷ್ಟೇ ಅಲ್ಲ, ಹೊಡೆತ ಹೊಡೆತದ ಮಧ್ಯೆ ಹೊರಗಿನ ಗಾಳಿಯೂ ಒಳಗೆ ಎಳೆದುಕೊಳ್ಳುತ್ತದೆ. ಸೆನ್ಸರಿಗೆ ಆ ಗಾಳಿ ತಾಗಿ "ಲೀನ್" ಅನ್ನುತ್ತದೆ. ಇಸಿಯು ನಂಬಿ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಬೆಳಗ್ಗೆ ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ, ಇನ್ನೊಬ್ಬರಿಗೆ ಸೈಲೆನ್ಸರ್ ಬಾಯಿಗೆ ದಪ್ಪ ಬಟ್ಟೆ ಕ್ಷಣಹೊತ್ತು ಒತ್ತಿ ಹಿಡಿಯಲು ಹೇಳಿ. ಲೀಕ್ ಇದ್ದರೆ ಮುಂದೆ ಟಸ್ ಟಸ್ ಅಂತ ಕೇಳುತ್ತದೆ. ಜಾಯಿಂಟ್ ಹತ್ತಿರ ಕಪ್ಪು ಮಸಿ ಗೆರೆ ಇದ್ದರೂ ಅದೇ. ಇದನ್ನೆಲ್ಲ ಬಯಲಲ್ಲೇ ಮಾಡಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ, ಶಟರ್ ಎಳೆದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ.

ಮಲ್ಟಿಮೀಟರ್ ಪರೀಕ್ಷೆ

ಹೀಟರ್ ಪರೀಕ್ಷೆ ಸುಲಭ. ಕಪ್ಲರ್ ಬಿಡಿಸಿ, ಸೆನ್ಸರ್ ಕಡೆಯ ಎರಡು ಒಂದೇ ಬಣ್ಣದ ವೈರ್‌ಗಳ ನಡುವೆ ಓಮ್ ಅಳೆಯಿರಿ. ಬಾಶ್ ಮತ್ತು ಎನ್‌ಟಿಕೆ ಸೆನ್ಸರಿನಲ್ಲಿ ಆ ಎರಡು ವೈರ್ ಬಿಳಿ, ಕಪ್ಪು ಸಿಗ್ನಲ್, ಬೂದು ಅರ್ಥ್. ಡೆನ್ಸೊದಲ್ಲಿ ಹೀಟರ್ ವೈರ್ ಎರಡೂ ಕಪ್ಪು, ನೀಲಿ ಸಿಗ್ನಲ್, ಬಿಳಿ ಅರ್ಥ್. ತಣ್ಣಗಿರುವಾಗ ಸಾಮಾನ್ಯವಾಗಿ 3ರಿಂದ 15 ಓಮ್ ಒಳಗೆ ಬರಬೇಕು. ಏನೂ ತೋರಿಸದಿದ್ದರೆ ಹೀಟರ್ ಕಟ್ ಆಗಿದೆ. ಅಲ್ಲಿಗೆ ತೀರ್ಮಾನವಾಯಿತು, ಹೊಸ ಸೆನ್ಸರ್ ಬೇಕು. ಆದರೆ ಸಿಗ್ನಲ್ ವೈರಿಗೆ ಓಮ್ ಮೀಟರ್ ಹಚ್ಚಬೇಡಿ, ಸೆನ್ಸರ್ ಹಾಳಾಗಬಹುದು.

ಸಿಗ್ನಲ್ ನೋಡಲು ಕಪ್ಲರ್ ಮತ್ತೆ ಹಾಕಿ. ಎಂಜಿನ್ ಹದಿನೈದು ನಿಮಿಷ ಓಡಿ ಚೆನ್ನಾಗಿ ಬಿಸಿಯಾಗಲಿ. ಕಪ್ಲರ್‌ನ ಹಿಂಬದಿಯಿಂದ ಸಿಗ್ನಲ್ ವೈರ್ ಪಕ್ಕಕ್ಕೆ ಒಂದು ಗುಂಡುಪಿನ್ನು ಮೆಲ್ಲಗೆ ತೂರಿಸಿ. ವೈರಿನ ತೊಗಟೆ ಚುಚ್ಚಬೇಡಿ. ಮೀಟರ್ 2 ವೋಲ್ಟ್ ಡಿಸಿಯಲ್ಲಿರಲಿ. ಕೆಂಪು ಪ್ರೋಬ್ ಪಿನ್ನಿಗೆ, ಕಪ್ಪು ಪ್ರೋಬ್ ಬ್ಯಾಟರಿ ನೆಗೆಟಿವ್‌ಗೆ. ಪ್ರೋಬ್ ವೈರ್‌ಗಳು ಫ್ಯಾನಿಗೆ ಸಿಗದಂತೆ ನೋಡಿಕೊಳ್ಳಿ.

ಈಗ ಯಾರಾದರೂ ಆಕ್ಸಿಲರೇಟರ್ ಒತ್ತಿ ಸುಮಾರು 2000 ಆರ್‌ಪಿಎಂನಲ್ಲಿ ಹಿಡಿಯಲಿ. ಮೀಟರಿನ ಅಂಕಿ 0.2, 0.7, 0.3, 0.8 ಅಂತ ನಿಲ್ಲದೆ ಕುಣಿಯುತ್ತಿರಬೇಕು. ಮೀಟರ್ ಸ್ವಲ್ಪ ನಿಧಾನ, ಹಾಗಾಗಿ ನಿಖರ ಅಂಕಿ ನೋಡಬೇಡಿ, ಓಡಾಟ ನೋಡಿ. ಆಮೇಲೆ ಆಕ್ಸಿಲರೇಟರ್ ಒಮ್ಮೆ ಜೋರಾಗಿ ಒತ್ತಿ ಪೂರ್ತಿ ಬಿಡಿ. ಒತ್ತಿದಾಗ 0.8 ದಾಟಬೇಕು. ಬಿಟ್ಟಾಗ ಇಸಿಯು ಪೆಟ್ರೋಲ್ ಕಟ್ ಮಾಡುವುದರಿಂದ ತಟ್ಟನೆ 0.1ರ ಹತ್ತಿರ ಬೀಳಬೇಕು. ಹೀಗೆ ಚುರುಕಾಗಿ ಏರಿ ಇಳಿದರೆ ಸೆನ್ಸರ್ ಚೆನ್ನಾಗಿದೆ, ತೊಂದರೆ ಬೇರೆಲ್ಲೋ ಇದೆ. ಏನೇ ಮಾಡಿದರೂ ಒಂದೇ ಅಂಕಿಗೆ ಅಂಟಿಕೊಂಡಿದ್ದರೆ, ಅಥವಾ ಸೋಮಾರಿಯಾಗಿ ಅತ್ತಿತ್ತ ತೆವಳಿದರೆ, ಅದರ ಆಯಸ್ಸು ಮುಗಿದಿದೆ.

ಸೆನ್ಸರ್ ಬಿಚ್ಚಿ ಪೆಟ್ರೋಲ್ ಅಥವಾ ಥಿನ್ನರ್‌ನಲ್ಲಿ ನೆನೆಸಿದರೆ ಸರಿಹೋಗುತ್ತದೆ ಅನ್ನುವವರಿದ್ದಾರೆ. ಮೇಲಿನ ಮಸಿ ಹೋಗುತ್ತದೆ ಅಷ್ಟೆ. ಸತ್ತ ಪಿಂಗಾಣಿ ಬದುಕುವುದಿಲ್ಲ. ಇನ್ನು ಕಪ್ಲರ್ ಬಿಡಿಸಿ ಹಾಗೇ ಓಡಿಸಿ ಅನ್ನುವ ಸಲಹೆ ಇನ್ನೂ ದುಬಾರಿ. ಇಸಿಯು ಅಂದಾಜಿನ ಮೇಲೆ ಪೆಟ್ರೋಲ್ ಕೊಡುತ್ತದೆ, ಅದೂ ಜಾಸ್ತಿಯೇ. ಆ ಉರಿಯದ ಪೆಟ್ರೋಲ್ ಹೋಗಿ ಕನ್ವರ್ಟರ್ ಸುಡುತ್ತದೆ.

ಕೊಳ್ಳುವಾಗ

ಗಾಡಿಯ ಮಾಡೆಲ್, ವರ್ಷ, ಎಂಜಿನ್, ಬಿಎಸ್ ಯಾವುದು ಎಲ್ಲ ಬರೆದುಕೊಂಡು ಹೋಗಿ. ಹಳೇ ಸೆನ್ಸರಿನ ಮೈಮೇಲೆ ನಂಬರ್ ಕಾಣುತ್ತಿದ್ದರೆ ಫೋಟೋ ತೆಗೆದುಕೊಳ್ಳಿ, ಕಪ್ಲರಿನದ್ದೂ ಒಂದು. ಕಂಪನಿ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತದೆ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆ ಹೇಗೂ ಇದೆ. ಆದರೆ ಅರ್ಧ ಬೆಲೆಗೆ ಸಿಗುವ ದೊಡ್ಡ ಬ್ರ್ಯಾಂಡಿನ ಡಬ್ಬಿ ನೋಡಿ ಮರುಳಾಗಬೇಡಿ. ಸೆನ್ಸರ್‌ಗಳಲ್ಲಿ ಡೂಪ್ಲಿಕೇಟ್ ಹಾವಳಿ ಜಾಸ್ತಿ. ಗುಜರಿಯಿಂದ ತಂದ ಸೆಕೆಂಡ್ ಹ್ಯಾಂಡ್ ಸೆನ್ಸರ್ ಅಂತೂ ಬೇಡವೇ ಬೇಡ.

ಕಪ್ಲರ್ ಸಮೇತ ಬರುವ, ನಿಮ್ಮ ಗಾಡಿಗೇ ಅಂತ ಮಾಡಿದ್ದನ್ನೇ ಕೊಳ್ಳಿ. "ಯೂನಿವರ್ಸಲ್" ಅಂತ ಬರುವುದರಲ್ಲಿ ಹಳೇ ಕಪ್ಲರ್ ಕತ್ತರಿಸಿ ನೀವೇ ಜೋಡಿಸಬೇಕು. ಜೋಡಿಸಲೇಬೇಕಾದರೆ ಅದರ ಜೊತೆ ಕೊಡುವ ಕ್ರಿಂಪ್ (ವೈರ್ ಮೇಲೆ ಒತ್ತಿ ಬಿಗಿಯುವ ಲೋಹದ ಕೊಳವೆ) ಬಳಸಿ, ಸೋಲ್ಡರ್ ಮಾಡಬೇಡಿ. ಪಿಂಗಾಣಿಯ ಒಳಮೈಗೆ ಹೊರಗಿನ ಗಾಳಿ ಬೇಕು ಅಂದೆನಲ್ಲ, ಹಲವು ಸೆನ್ಸರ್‌ಗಳಲ್ಲಿ ಆ ಗಾಳಿ ಹೋಗುವುದು ವೈರಿನ ಎಳೆಗಳ ಸಂದಿಯಿಂದಲೇ. ಸೋಲ್ಡರ್ ಆ ದಾರಿಯನ್ನು ಮುಚ್ಚಿಬಿಡುತ್ತದೆ. ಇದೇ ಕಾರಣಕ್ಕೆ ಕಪ್ಲರ್ ಒಳಗೆ ಗ್ರೀಸ್ ತುಂಬುವುದು, ಸ್ಪ್ರೇ ಹೊಡೆಯುವುದು ಬೇಡ.

ಬೇಕಾದ ಸಾಮಾನು

ಕಾರಿನ ಸೆನ್ಸರಿಗೆ 22 ಎಂಎಂ ಸ್ಪ್ಯಾನರ್ ಬೇಕು. ಥ್ರೆಡ್ ಎಂ18×1.5. ಒಳ್ಳೇ ರಿಂಗ್ ಸ್ಪ್ಯಾನರ್ (20×22 ಸೈಜಿನದು ಎಲ್ಲ ಕಡೆ ಸಿಗುತ್ತದೆ) ಅಥವಾ ವೈರ್ ಹೊರಬರಲು ಸೀಳು ಇರುವ ಸೆನ್ಸರ್ ಸಾಕೆಟ್. ತುಕ್ಕು ಬಿಡಿಸುವ ಎಣ್ಣೆ, ಅಂದರೆ ಡಬ್ಲ್ಯೂಡಿ-40 ಅಥವಾ ಅದಕ್ಕಿಂತ ಚೆನ್ನಾಗಿ ಇಳಿಯುವ ಪೆನೆಟ್ರೇಟಿಂಗ್ ಆಯಿಲ್. ತಂತಿ ಬ್ರಷ್, ದಪ್ಪ ಕೈಗವಸು, ಕನ್ನಡಕ. ಕೆಳಗಿನಿಂದ ಕೆಲಸ ಇದ್ದರೆ ಜಾಕ್ ಸ್ಟ್ಯಾಂಡ್.

ಡಿಕ್ಕಿಯಲ್ಲಿರುವ ಜಾಕ್ ಸ್ಟೆಪ್ನಿ ಬದಲಾಯಿಸುವುದಕ್ಕೆ ಮಾತ್ರ. ಅದರ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ತೂರಬೇಡಿ. ಇಟ್ಟಿಗೆ, ಹಾಲೋ ಬ್ಲಾಕ್ ಕೂಡ ಬೇಡ, ಒಡೆಯುವಾಗ ಅವು ಮುನ್ಸೂಚನೆ ಕೊಡುವುದಿಲ್ಲ. ಸಮ ನೆಲ, ಹ್ಯಾಂಡ್ ಬ್ರೇಕ್, ಹಿಂದಿನ ಚಕ್ರಕ್ಕೆ ಕಲ್ಲು, ಎರಡು ಕಡೆ ಸ್ಟ್ಯಾಂಡ್. ಇಷ್ಟಾದ ಮೇಲೆ ಗಾಡಿಯನ್ನು ಕೈಯಿಂದ ಅಲುಗಿಸಿ ನೋಡಿ, ಆಮೇಲೆ ಕೆಳಗೆ ಹೋಗಿ.

ಬಿಚ್ಚುವುದು

ಇಡೀ ಕೆಲಸದಲ್ಲಿ ತಾಳ್ಮೆ ಬೇಕಾದದ್ದು ಇಲ್ಲಿ. ವರ್ಷಗಟ್ಟಲೆ ಕಾದು ಆರಿ ಕಾದು ಆರಿ ಸೆನ್ಸರ್ ಮತ್ತು ಮ್ಯಾನಿಫೋಲ್ಡಿನ ಥ್ರೆಡ್ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ.

ಹಿಂದಿನ ರಾತ್ರಿಯೇ ಎಂಜಿನ್ ಆರಿದ ಮೇಲೆ ಸೆನ್ಸರಿನ ಬುಡಕ್ಕೆ ತಂತಿ ಬ್ರಷ್ ಆಡಿಸಿ ಎಣ್ಣೆ ಹಾಕಿ. ಬೆಳಗ್ಗೆ ಇನ್ನೊಂದು ಸಲ ಹಾಕಿ. ಬಿಸಿ ಮ್ಯಾನಿಫೋಲ್ಡಿನ ಮೇಲೆ ಸ್ಪ್ರೇ ಹೊಡೆಯಬೇಡಿ, ಹೊತ್ತಿಕೊಳ್ಳಬಹುದು.

ಬೆಳಗ್ಗೆ ಹಾಕಿದ ಎಣ್ಣೆ ಇಳಿಯಲು ಸ್ವಲ್ಪ ಹೊತ್ತು ಬಿಡಿ. ಸುತ್ತ ಚೆಲ್ಲಿದ್ದನ್ನು ಬಟ್ಟೆಯಿಂದ ಒರೆಸಿ, ಆಮೇಲೆ ಎಂಜಿನ್ ಐದು ನಿಮಿಷ ಓಡಿಸಿ ಆಫ್ ಮಾಡಿ. ಉಳಿದ ಎಣ್ಣೆಯಿಂದ ಸ್ವಲ್ಪ ಹೊಗೆ ಬಂದರೆ ಗಾಬರಿ ಬೇಡ, ಆದರೆ ಬಾನೆಟ್ ತೆರೆದಿಟ್ಟು ಅಲ್ಲೇ ನಿಂತಿರಿ. ಮ್ಯಾನಿಫೋಲ್ಡ್ ಬೆಚ್ಚಗಾಗಿ ಹಿಗ್ಗಿದಾಗ ಥ್ರೆಡ್ ಹಿಡಿತ ಸಡಿಲವಾಗುತ್ತದೆ. ಕೆಂಪಗೆ ಕಾಯಬೇಕಿಲ್ಲ, ಬೆಚ್ಚಗಾದರೆ ಸಾಕು. ಬ್ಯಾಟರಿಯ ನೆಗೆಟಿವ್ ಬಿಡಿಸಿ. ಸ್ಟೀರಿಯೊಗೆ ಕೋಡ್ ಇದ್ದರೆ ಮೊದಲೇ ಬರೆದಿಟ್ಟುಕೊಳ್ಳಿ. ಕಪ್ಲರಿನ ಲಾಕ್ ಒತ್ತಿ ಬಿಡಿಸಿ. ವೈರ್ ಹಿಡಿದು ಎಳೆಯಬೇಡಿ. ವೈರ್ ಯಾವ ಕ್ಲಿಪ್‌ನಲ್ಲಿ ಕೂತಿತ್ತು, ಯಾವ ದಾರಿಯಲ್ಲಿ ಬಂದಿತ್ತು ಅಂತ ಫೋಟೋ ತೆಗೆದಿಡಿ.

ಹೊಸ ಸೆನ್ಸರಿನ ಕಪ್ಲರ್ ಗಾಡಿಯ ಕಪ್ಲರಿಗೆ ಕೂರುತ್ತದೆಯಾ ಅಂತ ಈಗಲೇ ಹಾಕಿ ನೋಡಿ. ಸರಿಯಾಗಿ ಕೂತರೆ ಹಳೇ ಸೆನ್ಸರಿನ ವೈರನ್ನು ಕತ್ತರಿಸಿಬಿಡಿ. ಹೇಗೂ ಎಸೆಯುವುದು ತಾನೇ? ವೈರ್ ಇಲ್ಲದಿದ್ದರೆ ಮಾಮೂಲಿ ರಿಂಗ್ ಸ್ಪ್ಯಾನರ್ ಆರೂ ಮೂಲೆ ಹಿಡಿಯುವಂತೆ ಪೂರ್ತಿ ಕೂರುತ್ತದೆ. ಸೀಳು ಸಾಕೆಟ್ ಜೋರು ಹಾಕಿದಾಗ ಅಗಲವಾಗಿ ಜಾರುತ್ತದೆ. ಓಪನ್ ಸ್ಪ್ಯಾನರ್ ಅಂತೂ ಮೂಲೆ ತಿಂದುಹಾಕುತ್ತದೆ.

ವೈರ್ ಇದ್ದ ತುದಿಯಿಂದ ನೋಡಿದಾಗ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಕೆಳಗೆ ಮಲಗಿಕೊಂಡು ಮಾಡುವಾಗ ಇದು ತಲೆಕೆಳಗಾಗಿ ಗೊಂದಲವಾಗುತ್ತದೆ, ಒಂದು ಕ್ಷಣ ಯೋಚಿಸಿ. ನಿಧಾನಕ್ಕೆ ಒತ್ತಡ ಏರಿಸಿ. ಮಿಸುಕದಿದ್ದರೆ ಸ್ಪ್ಯಾನರಿನ ಹಿಡಿಗೆ ಮರದ ಕೊಡತಿಯಿಂದ ಚಿಕ್ಕ ಚಿಕ್ಕ ಪೆಟ್ಟು. "ಟಕ್" ಅಂತ ಒಂದು ಶಬ್ದ ಬಂದು ಬಿಡುತ್ತದೆ.

ಬಿಟ್ಟಿತು ಅಂತ ಸರಸರ ತಿರುಗಿಸಲು ಹೋಗಬೇಡಿ, ಥ್ರೆಡ್ ಹಾಳಾಗುವುದು ಆಗಲೇ. ಕಾಲು ಸುತ್ತು ಬಿಚ್ಚಿ, ಬಿಗಿ ಅನ್ನಿಸಿದರೆ ಅದರ ಅರ್ಧ ಹಿಂದಕ್ಕೆ ಬಿಗಿ ಮಾಡಿ. ತಣ್ಣಗಾದ ಮೇಲೆ ಒಂದು ತೊಟ್ಟು ಎಣ್ಣೆ ಬಿಡಿ. ಮತ್ತೆ ಕಾಲು ಸುತ್ತು. ಹೀಗೆ ಮುಂದೆ ಹಿಂದೆ ಆಡಿಸುತ್ತಾ ಬಂದರೆ ತುಕ್ಕಿನ ಪುಡಿ ಹೊರಬೀಳುತ್ತದೆ, ಥ್ರೆಡ್ ಉಳಿಯುತ್ತದೆ. ಒಂದೇ ಏಟಿಗೆ ಎಳೆದರೆ ಆ ಪುಡಿಯೇ ಥ್ರೆಡ್ ಕಿತ್ತುಕೊಂಡು ಬರುತ್ತದೆ. ಇಂಪ್ಯಾಕ್ಟ್ ಗನ್ ಬೇಡ.

ಅಷ್ಟಾದರೂ ಥ್ರೆಡ್ ಕೆಟ್ಟಿದ್ದರೆ ಎಂ18×1.5 ಟ್ಯಾಪಿಗೆ (ಥ್ರೆಡ್ ಕೊರೆಯುವ ಉಪಕರಣ) ಗ್ರೀಸ್ ಹಚ್ಚಿ ಕೈಯಲ್ಲೇ ನಿಧಾನಕ್ಕೆ ಓಡಿಸಿ ತೆಗೆಯಿರಿ. ಪುಡಿ ಗ್ರೀಸಿಗೆ ಅಂಟಿಕೊಂಡು ಬರುತ್ತದೆ. ಪೂರ್ತಿ ಕಿತ್ತುಹೋಗಿದ್ದರೆ ಮನೆಯಲ್ಲಿ ಒದ್ದಾಡಬೇಡಿ. ಪೈಪ್ ಬಿಚ್ಚಿ ಲೇತ್ ವರ್ಕ್‌ಶಾಪಿಗೆ ಒಯ್ಯಿರಿ, ಹೊಸ ನಟ್ ವೆಲ್ಡ್ ಮಾಡಿಕೊಡುತ್ತಾರೆ.

ಹಳೇ ಸೆನ್ಸರಿನ ಮೂತಿ

ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಿ. ತಿಳಿ ಬೂದು ಅಥವಾ ಕಂದು ಬಣ್ಣ ಇದ್ದರೆ ವಯಸ್ಸಾಗಿ ಹೋಗಿದೆ. ಒಣ ಕಪ್ಪು ಮಸಿ ಇದ್ದರೆ ಎಂಜಿನ್ ರಿಚ್ ಓಡುತ್ತಿದೆ. ಜಿಡ್ಡು ಜಿಡ್ಡು ಕಂದು ಇದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ರಿಂಗ್ ಅಥವಾ ವಾಲ್ವ್ ಸೀಲ್ ನೋಡಿಸಿ. ಬಿಳೀ ಪುಡಿ ಕೂತಿದ್ದರೆ ಕೂಲಂಟ್ ಒಳಗೆ ಸೋರುತ್ತಿರಬಹುದು, ಇಲ್ಲವೇ ಎಂಜಿನ್ ಕೆಲಸ ಮಾಡುವಾಗ ಯಾರೋ ಮಾಮೂಲಿ ಸಿಲಿಕಾನ್ ಗಮ್ ಬಳಿದಿದ್ದಾರೆ. ಸಿಲಿಕಾನ್ ಈ ಸೆನ್ಸರಿಗೆ ವಿಷ. ಮುಂದೆ ಗ್ಯಾಸ್ಕೆಟ್ ಗಮ್ ಹಾಕಿಸುವಾಗ ಸೆನ್ಸರಿಗೆ ಸುರಕ್ಷಿತ ಅಂತ ಬರೆದಿರುವ ಟ್ಯೂಬನ್ನೇ ತನ್ನಿ. ಕಾರಣ ಸರಿಪಡಿಸದೆ ಹೊಸದು ಹಾಕಿದರೆ ಅದಕ್ಕೂ ಅದೇ ಗತಿ.

ಹೊಸದನ್ನು ಕೂರಿಸುವುದು

ತುದಿಯ ಪ್ಲಾಸ್ಟಿಕ್ ಟೋಪಿಯನ್ನು ಕೊನೇ ಕ್ಷಣದವರೆಗೆ ತೆಗೆಯಬೇಡಿ. ಮೂತಿ ಮುಟ್ಟಬೇಡಿ, ಎಣ್ಣೆ ತಾಗಿಸಬೇಡಿ. ಸಿಮೆಂಟ್ ನೆಲಕ್ಕೆ ಬಿದ್ದ ಸೆನ್ಸರ್ ಹೊರಗೆ ಚೆನ್ನಾಗಿಯೇ ಕಂಡರೂ ಒಳಗಿನ ಪಿಂಗಾಣಿ ಬಿರುಕು ಬಿಟ್ಟಿರಬಹುದು.

ಥ್ರೆಡ್ ಮೇಲೆ ಕಂಪನಿಯೇ ಆ್ಯಂಟಿ-ಸೀಜ್ ಪೇಸ್ಟ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವುದು) ಹಚ್ಚಿರುತ್ತದೆ, ಅದನ್ನು ಒರೆಸಬೇಡಿ. ಇಲ್ಲದಿದ್ದರೆ ಜೊತೆಗೆ ಕೊಟ್ಟ ಪುಟ್ಟ ಪೊಟ್ಟಣದಿಂದ ಥ್ರೆಡ್ಡಿಗೆ ಮಾತ್ರ ತೆಳ್ಳಗೆ ಹಚ್ಚಿ.

ಈಗೊಂದು ಚಿಕ್ಕ ಉಪಾಯ. ಸೆನ್ಸರ್ ಬಿಗಿಯುವಾಗ ಅದರ ಜೊತೆ ವೈರೂ ಸುತ್ತಿಕೊಳ್ಳುತ್ತದೆ. ಹಾಗೇ ಬಿಟ್ಟರೆ ತಿರುಚಿಕೊಂಡ ವೈರ್ ಆರು ತಿಂಗಳಲ್ಲಿ ಒಳಗೇ ತುಂಡಾಗಬಹುದು. ಸೆನ್ಸರ್ ಎಷ್ಟು ಸುತ್ತು ಒಳಗೆ ಹೋಗುತ್ತದೋ ಅಷ್ಟು ಸುತ್ತು ವೈರನ್ನು ಮೊದಲೇ ವಿರುದ್ಧ ದಿಕ್ಕಿಗೆ ಸುತ್ತಿ ಹಿಡಿಯಿರಿ. ಬಿಗಿಯುತ್ತಾ ಹೋದಂತೆ ಅದು ಬಿಚ್ಚಿಕೊಂಡು ನೇರವಾಗುತ್ತದೆ.

ಮೊದಲ ನಾಲ್ಕೈದು ಸುತ್ತು ಬರೀ ಬೆರಳಲ್ಲೇ ಹೋಗಬೇಕು. ಹೋಗದಿದ್ದರೆ ಓರೆಯಾಗಿದೆ, ತೆಗೆದು ಮತ್ತೆ ಇಡಿ. ವಾಷರ್ ತಾಗಿದ ಮೇಲೆ ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಅಂತ ಅಳೆಯುವ ಸ್ಪ್ಯಾನರ್) ಇದ್ದರೆ 40ರಿಂದ 50 ನ್ಯೂಟನ್ ಮೀಟರ್. ನಿಮ್ಮ ಗಾಡಿಯ ಮ್ಯಾನ್ಯುಯಲ್ ಬೇರೆ ಅಂಕಿ ಹೇಳಿದರೆ ಅದೇ ಸರಿ. ರೆಂಚ್ ಇಲ್ಲದಿದ್ದರೆ ಕೈಬಿಗಿಯಾದ ಮೇಲೆ ಅರ್ಧದಿಂದ ಮುಕ್ಕಾಲು ಸುತ್ತು ಸಾಕು. ಹೊಸ ವಾಷರ್ ಚಪ್ಪಟೆಯಾಗಿ ಸೀಲ್ ಆಗುತ್ತದೆ. ಹಳೇ ವಾಷರ್ ಮತ್ತೆ ಬಳಸಬೇಡಿ.

ವೈರನ್ನು ಹಳೇ ದಾರಿಯಲ್ಲೇ ತಂದು ಕ್ಲಿಪ್‌ಗಳಿಗೆ ಕೂರಿಸಿ. ಮ್ಯಾನಿಫೋಲ್ಡಿಗೂ ಡ್ರೈವ್ ಶಾಫ್ಟಿಗೂ ತಾಗಬಾರದು. ಕಪ್ಲರ್ "ಕ್ಲಿಕ್" ಅನ್ನುವವರೆಗೆ ಒತ್ತಿ. ಗ್ಯಾಸ್ ಕಿಟ್ಟಿನ ಜಾಯಿಂಟ್ ಹಳೇ ಸೆನ್ಸರಿನ ವೈರಿಗೇ ಇದ್ದಿದ್ದರೆ ಕಿಟ್ ಹಾಕಿದವರ ಹತ್ತಿರ ಹೋಗಿ ಮತ್ತೆ ಸರಿಯಾಗಿ ಕೊಡಿಸಿ.

ಆಮೇಲೆ

ಬ್ಯಾಟರಿ ಜೋಡಿಸಿ ಸ್ಟಾರ್ಟ್ ಮಾಡಿ. ಸೆನ್ಸರಿನ ಬುಡದಲ್ಲಿ ಟಸ್ ಟಸ್ ಇಲ್ಲ ತಾನೇ ಅಂತ ಕಿವಿಗೊಡಿ. ಹಚ್ಚಿದ ಪೇಸ್ಟ್, ಎಣ್ಣೆ ಸುಟ್ಟು ಸ್ವಲ್ಪ ಹೊಗೆ, ವಾಸನೆ ಬರುತ್ತದೆ. ಹತ್ತು ನಿಮಿಷದಲ್ಲಿ ಹೋಗುತ್ತದೆ. ಸ್ಕ್ಯಾನರ್ ಇದ್ದರೆ ಹಳೇ ಕೋಡ್ ಅಳಿಸಿ. ಇಸಿಯು ಹೊಸ ಲೆಕ್ಕ ಕಲಿಯಲು ಸಮಯ ಬೇಕು. ಸಿಟಿ, ಹೈವೇ ಎರಡರಲ್ಲೂ ಸೇರಿ ಮೂವತ್ತು ನಲವತ್ತು ಕಿಲೋಮೀಟರ್ ಓಡಿಸಿದ ಮೇಲೆ ಐಡ್ಲಿಂಗ್ ನೋಡಿ. ಮೈಲೇಜ್ ಲೆಕ್ಕ ಮಾತ್ರ ಟ್ಯಾಂಕ್ ಫುಲ್‌ನಿಂದ ಟ್ಯಾಂಕ್ ಫುಲ್‌ಗೆ ಹಾಕಿ, ಮೀಟರ್ ಮುಳ್ಳು ನಂಬಬೇಡಿ.

ಎಮಿಷನ್ ಟೆಸ್ಟಿಗೆ ಹೋಗುವಾಗ ಎಂಜಿನ್ ಬಿಸಿಯಾಗಿರಲಿ, ಕನ್ವರ್ಟರ್ ಕಾದ ಮೇಲೆಯೇ ಕೆಲಸ ಮಾಡುವುದು. ಐಡ್ಲಿಂಗ್‌ನಲ್ಲಿ ಬಿಎಸ್4 ಪೆಟ್ರೋಲ್ ಕಾರಿನ ಮಿತಿ ಸಿಒ 0.3 ಶೇಕಡಾ, ಎಚ್‌ಸಿ (ಉರಿಯದ ಪೆಟ್ರೋಲ್) 200 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ). ಬಿಎಸ್2, ಬಿಎಸ್3ಕ್ಕೆ 0.5 ಮತ್ತು 750. ಹಳೇ ಚೀಟಿ, ಹೊಸ ಚೀಟಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸೆನ್ಸರೇ ಕಾರಣವಾಗಿದ್ದರೆ ಸಿಒ ಅಂಕಿ ಕಣ್ಣಿಗೆ ಕಾಣುವಷ್ಟು ಇಳಿದಿರುತ್ತದೆ. ಇಳಿಯದೆ ಅದೇ ಕೋಡ್ ಮತ್ತೆ ಬಂದರೆ ಇನ್ನೊಂದು ಸೆನ್ಸರ್ ತರಲು ಓಡಬೇಡಿ. ಕಪ್ಲರ್‌ನಿಂದ ಇಸಿಯುವರೆಗಿನ ವೈರ್ ಒಂದೊಂದಾಗಿ ಚೆಕ್ ಮಾಡಿಸಿ, ಆಮೇಲೆ ಪೆಟ್ರೋಲ್ ಪ್ರೆಷರ್ ಮತ್ತು ಇಂಜೆಕ್ಟರ್.